ಮರುಳಾದವರ ಮಾತು

ಜೆಪ್ಪುವಿನ ಓಣಿಯೊಂದರಲ್ಲಿ ಸಂಜೆಯ ಹೊತ್ತು ಕಾಲು ಗಂಟೆ ನಿಂತರೆ ಸಾಕು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಒಂದರ ಬೆನ್ನಿಗೊಂದು ಕಿವಿಗೆ ಬೀಳುತ್ತವೆ. ಈಚೆಗೊಂದು ದಿನ ಹಾಗೆ ನಿಂತಿದ್ದಾಗ ತಾಯಿಯೊಬ್ಬಳು ಮಗನನ್ನು ಗದರಿಸುತ್ತಿದ್ದಳು. ಹುಡುಗನಿಗೆ ಪಾಠ ಬೇಡ, ತಿಂಡಿ ಬೇಡ. ಮೊಬೈಲಿನಲ್ಲಿ ಯಕ್ಷಗಾನದ ಚೆಂಡೆ ಕೇಳುತ್ತ ಜಗಲಿಯ ಮೇಲೆ ಕುಳಿತುಬಿಟ್ಟಿದ್ದ. ಅವನಿಗೆ ಆಟದ 'ಮರ್ಲ್' ಎಂದು ಆಕೆ ತುಳುವಿನಲ್ಲಿ ನೆರೆಯವಳಿಗೆ ದೂರಿಕೊಂಡಳು. ಕೊಂಕಣಿ ಮನೆಮಾತಿನ ಆ ನೆರೆಯವಳು ನಕ್ಕು 'ಪಿಸೊ' ಎಂದು ತೀರ್ಪು ಕೊಟ್ಟಳು. ಹುಡುಗನಿಗೆ ಎರಡೂ ಕೇಳಿಸಲಿಲ್ಲ.

ಮನೆಗೆ ಬಂದ ಮೇಲೂ ಆ ಎರಡು ಮಾತು ನನ್ನ ಕಿವಿ ಬಿಡಲಿಲ್ಲ. ತುಳುವಿನ ಮರ್ಲು ಕನ್ನಡದ ಮರುಳೇ. ಕೊಂಕಣಿಯ ಪಿಸೊ ಪಿಶಾಚ ಶಬ್ದದಿಂದ ಇಳಿದು ಬಂದುದು. ಮರುಳಿಗಾದರೂ ನಮ್ಮ ಹಳೆಯ ಕಾವ್ಯಗಳಲ್ಲಿ ಭೂತ, ಪಿಶಾಚಿ ಎಂಬ ಅರ್ಥವಿದ್ದೇ ಇದೆ. ಎರಡು ಬೇರೆ ಬೇರೆ ಭಾಷಾಕುಲಗಳಿಗೆ ಸೇರಿದ ನೆರೆಹೊರೆಯವರು, ಒಬ್ಬರನ್ನೊಬ್ಬರು ಕೇಳದೆಯೇ, ಒಂದೇ ಕಡೆ ಬೆರಳು ತೋರಿಸಿದ್ದರು: ಒಂದು ವಸ್ತುವಿಗೆ ಮನಸೋತವನೆಂದರೆ ದೆವ್ವ ಹಿಡಿದವನು!

ಸಾವಿರ ವರ್ಷದ ಹಿಂದೆ ರನ್ನ ಈ ಮಾತಿನ ಎರಡು ಮುಖಗಳನ್ನೂ ಚೆನ್ನಾಗಿ ಬಲ್ಲವನಾಗಿದ್ದ. ಅವನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆದು ಬರುವಾಗ ರಣದ ಮರುಳುಗಳು ಎದುರಾಗುತ್ತವೆ. ಸಂಧಿಯನ್ನು ಒಲ್ಲದೆ ಕುಲವನ್ನೇ ಬಲಿಗೊಟ್ಟ ಅರಸನ ಮುಂದೆ, ನಿಜವಾದ ಮರುಳು ಯಾರೆಂಬ ಪ್ರಶ್ನೆಯನ್ನು ಒಂದು ಮರುಳೇ ಎತ್ತುತ್ತದೆ. ಛಲಕ್ಕೆ ಮನಸೋತವನ ಗತಿಯನ್ನು ಒಂದು ಶ್ಲೇಷೆಯಲ್ಲಿ ಹೇಳಿಬಿಟ್ಟ ಕವಿ ಅವನು. ಮುಂದೆ ಇದೇ ಮಾತು ಮರುಳಸಿದ್ಧನ ಹೆಸರಿನಲ್ಲಿ ಸೇರಿ ಪೂಜ್ಯವೂ ಆಯಿತು. ಇಂದಿಗೂ ತಂದೆತಾಯಿಗಳು ಮಕ್ಕಳಿಗೆ ಆ ಹೆಸರಿಡುತ್ತಾರೆ. ಇನ್ನು ಜನ ಮರುಳೋ ಜಾತ್ರೆ ಮರುಳೋ ಎಂಬ ಗಾದೆಯನ್ನು ಕೇಳದ ಕನ್ನಡಿಗನುಂಟೆ?

ಸಂಸ್ಕೃತದಿಂದ ಬಂದ ಮಾತುಗಳು ಹೆಚ್ಚು ಸೌಮ್ಯವೆಂದು ತೋರಬಹುದು. ಹಾಗೇನೂ ಇಲ್ಲ. ಮೋಹ, ಮುಗ್ಧ, ಮೂಢ, ಈ ಮೂರೂ 'ಮುಹ್' ಎಂಬ ಒಂದೇ ಧಾತುವಿನ ಮಕ್ಕಳು; ಬುದ್ಧಿ ತಪ್ಪುವುದು, ದಿಕ್ಕುಗೆಡುವುದು ಅದರ ಅರ್ಥ. ಮಗುವನ್ನು ಮುಗ್ಧವೆಂದು ಮುದ್ದಿಸುವ ನಾವು, ಸಂಗೀತ ಕೇಳಿ ಮಂತ್ರಮುಗ್ಧರಾದೆವೆನ್ನುವಾಗ ಹಳೆಯ ಅರ್ಥಕ್ಕೇ ಮರಳುತ್ತೇವೆ. ಇಂಗ್ಲಿಷಿನವರ 'ಫ್ಯಾಸಿನೇಟ್' ಕೂಡ ಮಾಟಮಾಡುವುದೆಂಬ ಲ್ಯಾಟಿನ್ ಮಾತಿನಿಂದ ಹುಟ್ಟಿದ್ದು. ಮೋಹದ ಕತೆಗೆ ನಾವು ದೂರ ಹೋಗಬೇಕಾದುದೂ ಇಲ್ಲ. ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಆಳುಪ ಕುಂದವರ್ಮನ ಶಾಸನವಿದೆ. ಅದೇ ಕದ್ರಿ ಮುಂದೆ ನಾಥಪಂಥದ ಜೋಗಿಗಳ ನೆಲೆಯಾಯಿತು. ಆ ಪಂಥದ ಗುರು ಮತ್ಸ್ಯೇಂದ್ರನು ಸ್ತ್ರೀರಾಜ್ಯದಲ್ಲಿ ಮೋಹಕ್ಕೆ ಸಿಕ್ಕಿ ತನ್ನನ್ನೇ ಮರೆತಿದ್ದನೆಂದೂ, ಶಿಷ್ಯ ಗೋರಕ್ಷನು ಮದ್ದಳೆಯ ದನಿಯಿಂದ ಎಚ್ಚರಿಸಿದನೆಂದೂ ಐತಿಹ್ಯ. ಗುರುವಿಗೂ ತಪ್ಪದ ರೋಗವಿದು.

ಕನ್ನಡದವೇ ಆದ ಮಾತುಗಳನ್ನು ಸಾಲಾಗಿ ಇಟ್ಟು ನೋಡಿ. ಮನಸೋಲುವುದು, ಮಾರುಹೋಗುವುದು, ಮೈಮರೆಯುವುದು, ಮನಸೂರೆಗೊಳ್ಳುವುದು. ಒಂದರಲ್ಲಿ ಸೋಲಿದೆ, ಒಂದರಲ್ಲಿ ವಿಕ್ರಯವಿದೆ, ಒಂದರಲ್ಲಿ ಮರೆವು, ಒಂದರಲ್ಲಿ ಲೂಟಿ! ಲಾಭವನ್ನು ಸೂಚಿಸುವ ಮಾತು ಈ ಸಾಲಿನಲ್ಲಿ ಒಂದೂ ಇಲ್ಲ. ಏನನ್ನಾದರೂ ಕಳೆದುಕೊಳ್ಳದೆ ಯಾರೂ ಯಾವುದಕ್ಕೂ ಮನಸೋಲಲಾರರು ಎಂಬ ಅನುಭವ ನಮ್ಮ ಹಿರಿಯರಿಗೆ ಇದ್ದಿರಬೇಕು.

ಮಾತಿನಷ್ಟೇ ವಿಭಕ್ತಿಯನ್ನೂ ಗಮನಿಸಬೇಕು. (ಕನ್ನಡ ಮೇಷ್ಟರ ಈ ಚಟವನ್ನು ವಾಚಕರು ಮನ್ನಿಸಲಿ.) 'ನನಗೆ ಆಟದ ಹುಚ್ಚು' ಎನ್ನುತ್ತೇವೆ, 'ನನಗೆ ಜ್ವರ', 'ನನಗೆ ಹಸಿವು' ಎಂದ ಹಾಗೆ. ಹುಚ್ಚು ತಾನಾಗಿ ಬಂದು ಮೇಲೆ ಬಿದ್ದಿದೆ, ಪಾಪ, ನಾನೇನು ಮಾಡಲಿ? ಆದರೆ 'ನಾನು ಅದಕ್ಕೆ ಮರುಳಾದೆ', 'ಅದಕ್ಕೆ ಸೋತೆ', 'ಅದಕ್ಕೆ ಮಾರುಹೋದೆ' ಎನ್ನುವಲ್ಲಿ ಚತುರ್ಥಿಯ ಪ್ರತ್ಯಯ ನನ್ನನ್ನು ಬಿಟ್ಟು ಆ ವಸ್ತುವಿಗೆ ಹತ್ತಿದೆ. ಕೊಡುವವನಿಗೂ ಪಡೆಯುವವನಿಗೂ ಇರುವ ಸಂಬಂಧವದು. ವಸ್ತು ಸುಮ್ಮನೆ ಅದರ ಪಾಡಿಗೆ ಅದಿದೆ; ನಾನೇ ಹೋಗಿ ನನ್ನನ್ನು ಅದಕ್ಕೆ ಒಪ್ಪಿಸಿಕೊಂಡಿದ್ದೇನೆ. ಈಗ ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಬೇರೊಂದು ರೀತಿ ಹೆಚ್ಚಾಗಿದೆ: 'ನಾನು ಅದರಿಂದ ಆಕರ್ಷಿತನಾದೆನು', 'ಪ್ರಭಾವಿತನಾದೆನು'. ವ್ಯಾಕರಣದಲ್ಲಿ ತಪ್ಪಿಲ್ಲ, ಅಂಕವನ್ನೂ ಕಳೆಯುವಂತಿಲ್ಲ. ಆದರೆ ಇಲ್ಲಿ ಮಾಡಿದ್ದೆಲ್ಲ ಅದು. ನಾನು ಏನನ್ನೂ ಕೊಟ್ಟಿಲ್ಲ. 'ಆಸಕ್ತಿ'ಯೂ ಹೀಗೆಯೇ ಹಗುರವಾಗಿದೆ. ಅಂಟಿಕೊಳ್ಳುವುದೆಂಬ ಭಾರವಾದ ಅರ್ಥ ಅದಕ್ಕಿತ್ತು. ಗಾಂಧೀಜಿಯವರು ತಮ್ಮ ಗೀತಾನುವಾದವನ್ನು ಅನಾಸಕ್ತಿಯೋಗವೆಂದು ಕರೆದುದು ಆ ಅರ್ಥವನ್ನು ಎಣಿಸಿಯೇ. ಇಂದು ಅದು ಅರ್ಜಿಯಲ್ಲಿ ತುಂಬಿಸಬೇಕಾದ ಒಂದು ಖಾನೆ.

ಅದಕ್ಕೆ ಮರುಳಾಗುವುದೆಂದರೇನೆಂದು ತಿಳಿಯಲು ನಮ್ಮ ಊರಿನ ಚರಿತ್ರೆಯನ್ನೇ ನೋಡಬಹುದು. ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ನೇತ್ರಾವತಿಯ ಆವೆಮಣ್ಣನ್ನು ಕಂಡು ಪ್ಲೆಬ್ಸ್ಟ್ ಎಂಬಾತ ಹಂಚು ಮಾಡುವ ಯೋಚನೆ ಹಾಕಿದ. 1860ರ ದಶಕದಲ್ಲಿ ಈ ಜೆಪ್ಪುವಿನಲ್ಲೇ ಮಿಶನ್ನಿನ ಹಂಚಿನ ಕಾರ್ಖಾನೆ ಎದ್ದಿತು. ಬಲ್ಮಠದಲ್ಲಿ ಅವರ ಮುದ್ರಣಾಲಯ 1841ರಿಂದಲೇ ಕೆಲಸ ಮಾಡುತ್ತಿತ್ತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ್ದು ಇದೇ ಊರಿನಿಂದ. ಇವರೆಲ್ಲ ಬಂದುದು ನಮ್ಮ ಮನಸ್ಸನ್ನು ಗೆಲ್ಲುವುದಕ್ಕೆ. ಆದರೆ ಅವರಲ್ಲಿ ಕೆಲವರು ತಾವೇ ಸೋತರು.

1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ಲರನ್ನು ಈ ಸೋತವರ ಮೊದಲ ಸಾಲಿನಲ್ಲಿ ನಿಲ್ಲಿಸಬೇಕು. ಧರ್ಮಪ್ರಚಾರಕ್ಕೆ ನಾಲ್ಕು ಮಾತು ಕಲಿತರೆ ಸಾಕಾಗಿತ್ತು. ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ಹಳೆಯ ಓಲೆಗಳನ್ನು ಓದಿದರು, ಗಾದೆಗಳನ್ನು ಕೂಡಿಹಾಕಿದರು. ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಾಗ 1894 ಆಗಿತ್ತು. ಯುವಕನಾಗಿ ಬಂದವರು ಅರುವತ್ತು ದಾಟಿದ್ದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಡಾಕ್ಟರೇಟ್ ಕೊಟ್ಟು ಗೌರವಿಸಿತು. 1903ರಲ್ಲಿ ಅವರು ತೀರಿಕೊಂಡರು. ಕನ್ನಡದಿಂದ ಆಕರ್ಷಿತರಾದವರು ಎಂದು ಇವರನ್ನು ವರ್ಣಿಸಿದರೆ ಅದು ಅರ್ಧ ಮಾತಾದೀತು. ಅವರು ಕನ್ನಡಕ್ಕೆ ಮಾರುಹೋದವರು. ಕೊಟ್ಟ ಬೆಲೆ ನಾಲ್ವತ್ತು ವರ್ಷ.

ಓಣಿಯ ಆ ಇಬ್ಬರು ಹೆಂಗಸರ ಮಾತುಗಳೂ ಇದೇ ಮುದ್ರಣಾಲಯದ ಋಣದಲ್ಲಿವೆ. ಇಟಲಿಯ ಜೆಸ್ಯುಯಿಟ್ ಪಾದ್ರಿ ಮಾಫೆಯವರ ಕೊಂಕಣಿ ನಿಘಂಟು 1883ರಲ್ಲಿಯೂ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿಯೂ ಅಲ್ಲಿಯೇ ಅಚ್ಚಾದವು. ಕೆಥೋಲಿಕ ಗುರುವಿನ ಗ್ರಂಥವನ್ನು ಪ್ರೊಟೆಸ್ಟಂಟರ ಯಂತ್ರ ಅಚ್ಚುಹಾಕಿತೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಭಾಷೆಯ ಮರುಳು ಬೇಲಿಯನ್ನು ನೋಡುವುದಿಲ್ಲ.

ಇಷ್ಟು ದೂರ ಬಂದ ಮೇಲೆ ನಮ್ಮ ಮನೆಯ ಒಂದು ಮಾತನ್ನೂ ಹೇಳಿಬಿಡುತ್ತೇನೆ. ನನ್ನ ದೊಡ್ಡಪ್ಪ ಹಂಚಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು. ಎಲ್ಲಿ ಆಟವಿದ್ದರೂ ರಾತ್ರಿಯೆಲ್ಲ ಅಲ್ಲಿ ಇರಲೇಬೇಕು. ಬೆಳಗ್ಗೆ ಕೆಂಪು ಕಣ್ಣಿನಲ್ಲಿ ಕೆಲಸಕ್ಕೆ ಓಡಬೇಕು. ತಡವಾದ ದಿನ ಅರ್ಧ ಕೂಲಿ ಹೋಗುತ್ತಿತ್ತು. ಅವರಿಗೆ ಮರ್ಲೆಂದು ದೊಡ್ಡಮ್ಮ ಕಣ್ಣೀರಿಡುತ್ತಿದ್ದರು. ಅದು ಬರಿಯ ಬೈಗುಳವಲ್ಲ, ಅಕ್ಕಿಯ ಡಬ್ಬದ ತಳ ನೋಡಿ ಆಡಿದ ಮಾತು. ಆದರೆ ನಮ್ಮದು ತುಳು ಮನೆ. ಶಾಲೆಗೆ ಸೇರುವ ಮೊದಲೇ ನಾನು ಕೇಳಿದ ಕನ್ನಡವೆಂದರೆ, ಮಳೆಗಾಲದ ರಾತ್ರಿ ದೊಡ್ಡಪ್ಪ ತೊಡೆಯ ಮೇಲೆ ತಾಳ ಹಾಕುತ್ತ ಹೇಳಿ ತೋರಿಸುತ್ತಿದ್ದ ಕರ್ಣಾರ್ಜುನರ ಸಂವಾದ. ಇಂದು ನಾನು ಕನ್ನಡ ಕಲಿಸಿ ಅನ್ನ ತಿನ್ನುತ್ತಿದ್ದೇನೆ. ಅವರು ಕಳೆದುಕೊಂಡ ಆ ಅರ್ಧ ಕೂಲಿಗಳ ಲೆಕ್ಕ ಯಾರ ಹೆಸರಿಗೆ ಬರೆಯಬೇಕು? ದೊಡ್ಡಮ್ಮನ ಕಣ್ಣೀರನ್ನು ಮರೆತು ಮರುಳನ್ನು ಹಾಡಿಹೊಗಳುವ ಧೈರ್ಯ ನನಗಿಲ್ಲ. ಆ ಮರುಳಿಲ್ಲದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲವೆಂಬುದನ್ನು ಅಲ್ಲಗಳೆಯಲೂ ಆರೆ.

ಆ ಸಂಜೆ ಓಣಿಯಲ್ಲಿ ತಾಯಿಯೊಡನೆ ವಾದಿಸುವ ಗೋಜಿಗೆ ಹೋಗಲಿಲ್ಲ. ಆಕೆ ಒಳಗೆ ಹೋದ ಮೇಲೆ ಜಗಲಿಯ ತುದಿಯಲ್ಲಿ ಕುಳಿತು, ಅದು ಯಾವ ಪ್ರಸಂಗವೆಂದು ಹುಡುಗನನ್ನು ಕೇಳಿದೆ.