ಮೆಣಸಿನ ರಾಣಿಯ ನಾಡಿನಲ್ಲಿ ಐದು ದಿನ: ಭಟ್ಕಳದಿಂದ ಉಳ್ಳಾಲದವರೆಗೆ

ಕರಾವಳಿ ಪ್ರವಾಸವೆಂದರೆ ಮುರ್ಡೇಶ್ವರದ ಗೋಪುರ, ಉಡುಪಿಯ ಕೃಷ್ಣ ಮಠ, ಮಲ್ಪೆಯ ಕಡಲತೀರ ಎಂಬಲ್ಲಿಗೆ ಹೆಚ್ಚಿನವರ ಪಟ್ಟಿ ಮುಗಿಯುತ್ತದೆ. ಇವೆಲ್ಲವೂ ರಾಷ್ಟ್ರೀಯ ಹೆದ್ದಾರಿ 66ರ ಆಸುಪಾಸಿನಲ್ಲಿಯೇ ಇರುವುದರಿಂದ ಪ್ರವಾಸಿ ಬಸ್ಸುಗಳು ಎರಡೇ ದಿನಗಳಲ್ಲಿ ತೋರಿಸಿ ಮುಗಿಸುತ್ತವೆ. ಆದರೆ ಅರಬ್ಬೀ ಮತ್ತು ಐರೋಪ್ಯ ವರ್ತಕರು ಹುಡುಕಿಕೊಂಡು ಬಂದ ಹಳೆಯ ಬಂದರು ಪಟ್ಟಣಗಳು ಬಹುಪಾಲು ಹೆದ್ದಾರಿಯಲ್ಲಿಲ್ಲ, ಸಮುದ್ರದ ದಂಡೆಯ ಮೇಲೂ ಇಲ್ಲ. ಅವು ನದಿಯ ತಿರುವುಗಳಲ್ಲಿ, ಒಳನಾಡಿನತ್ತ ಸರಿದು ಕುಳಿತಿವೆ. ಅಂದಿನ ಚಿಕ್ಕ ಹಡಗುಗಳು ಭರತದ ನೀರಿನೊಂದಿಗೆ ಅಳಿವೆ ದಾಟಿ ಒಳಬರುತ್ತಿದ್ದವು. ಘಟ್ಟದ ಮೇಲಿನ ಕಾಳುಮೆಣಸು, ಬಯಲಿನ ಅಕ್ಕಿ ದೋಣಿಗಳಲ್ಲಿ ಕೆಳಗಿಳಿಯುತ್ತಿದ್ದವು. ಕಾಲಕ್ರಮದಲ್ಲಿ ಅಳಿವೆಗಳಲ್ಲಿ ಮರಳು ತುಂಬಿತು, ಹಡಗುಗಳು ದೊಡ್ಡವಾದವು, ಈ ಪಟ್ಟಣಗಳು ಹಳ್ಳಿಗಳಾದವು.

ಈ ಊರುಗಳನ್ನು ಒಂದೊಂದಾಗಿ ನೋಡಿದರೆ ಹಳೆಯ ಕಲ್ಲುಗಳಷ್ಟೇ ಕಾಣಸಿಗುತ್ತವೆ. ಘಟ್ಟದ ಮೇಲಿನ ರಾಜಧಾನಿ ಮತ್ತು ಕೆಳಗಿನ ಬಂದರನ್ನು ಒಂದೇ ಪ್ರವಾಸದಲ್ಲಿ ಜೋಡಿಸಿದಾಗ ಮಾತ್ರ ಅವುಗಳ ಅರ್ಥ ಸ್ಪಷ್ಟವಾಗುತ್ತದೆ. ಇದಕ್ಕೆ ಮಾರ್ಗದರ್ಶಿಯನ್ನು ಗೊತ್ತುಮಾಡಬೇಕಾಗಿಲ್ಲ. ಇಬ್ಬರು ಹಳೆಯ ಪ್ರವಾಸಿಗರು ದಾರಿಯನ್ನು ಬರೆದಿಟ್ಟು ಹೋಗಿದ್ದಾರೆ. ಮೊರಾಕ್ಕೋದ ಇಬ್ನ್ ಬತೂತ 1342ರ ಸುಮಾರಿಗೆ ಹೊನ್ನಾವರ, ಬಸ್ರೂರು, ಬಾರ್ಕೂರು, ಮಂಗಳೂರುಗಳನ್ನು ಕ್ರಮವಾಗಿ ಹಾದುಹೋದನು. ರೋಮ್ ನಗರದ ಪಿಯೆಟ್ರೊ ಡೆಲ್ಲಾ ವಲ್ಲೆ 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲಿ ಸಾಗಿ, ಘಟ್ಟ ಹತ್ತಿ ಇಕ್ಕೇರಿಯನ್ನು ಕಂಡು, ಮತ್ತೆ ಕೆಳಗಿಳಿದು ಬಸ್ರೂರು ಹಾಗೂ ಮಂಗಳೂರಿಗೆ ಬಂದನು. ಇಬ್ಬರ ಗ್ರಂಥಗಳೂ ಇಂಗ್ಲಿಷ್ ಅನುವಾದದಲ್ಲಿ ಲಭ್ಯವಿವೆ. ಇಲ್ಲಿ ಸೂಚಿಸಿರುವುದು ಬಹುತೇಕ ಡೆಲ್ಲಾ ವಲ್ಲೆಯ ಹಾದಿಯನ್ನೇ.

ಮೊದಲ ದಿನ: ಭಟ್ಕಳ, ಹೊನ್ನಾವರ

ಭಟ್ಕಳಕ್ಕೂ ಹೊನ್ನಾವರಕ್ಕೂ ಕೊಂಕಣ ರೈಲ್ವೆಯ ನಿಲ್ದಾಣಗಳಿವೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳ ಪ್ರಮುಖವಾದುದು. ಈ ಸಂಪತ್ತೇ ಅದಕ್ಕೆ ಮುಳುವೂ ಆಯಿತು. 1502ರಲ್ಲಿ ವಾಸ್ಕೋ ಡ ಗಾಮ ತನ್ನ ಎರಡನೆಯ ಯಾನದಲ್ಲಿ ಇಲ್ಲಿ ದಾಳಿ ನಡೆಸಿ, ವರ್ಷಂಪ್ರತಿ ಅಕ್ಕಿಯ ಕಪ್ಪ ಒಪ್ಪಿಸುವಂತೆ ಮಾಡಿದನು. ಊರಿನಲ್ಲಿ ನೋಡಲೇಬೇಕಾದುದು 16ನೇ ಶತಮಾನದ ಕೇತಪಯ್ಯ ನಾರಾಯಣ ದೇವಾಲಯ. ಗಾತ್ರ ಚಿಕ್ಕದಾದರೂ ಹೊರಗೋಡೆಯ ರಾಮಾಯಣದ ಕಿರುಶಿಲ್ಪಗಳಿಗೆ ಒಂದು ಗಂಟೆ ಸಾಲದು. ಪೇಟೆಯ ನಡುವೆ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿಯಿದೆ. ಅರಬ್ ವರ್ತಕರ ಸಂಪರ್ಕದಿಂದ ಬೆಳೆದ ನವಾಯತ ಸಮುದಾಯದ ಊರಿದು. ಅವರಾಡುವ ನವಾಯತಿ ನುಡಿ ಕೊಂಕಣಿಗೆ ಹತ್ತಿರದ್ದು. ಮಧ್ಯಾಹ್ನದ ಊಟಕ್ಕೆ ಭಟ್ಕಳದ ಬಿರಿಯಾನಿಯನ್ನು ಬಿಟ್ಟು ಬೇರೇನನ್ನೋ ಹುಡುಕುವುದು ಮಾಂಸಾಹಾರಿಗಳಿಗೆ ಶೋಭೆಯಲ್ಲ.

ಸಂಜೆಯ ವೇಳೆಗೆ ಹೊನ್ನಾವರವನ್ನು ತಲುಪಿದರೆ ಶರಾವತಿಯ ಸೇತುವೆಯ ಬಳಿ ನಿಂತು ಅಳಿವೆಯನ್ನು ನೋಡಬಹುದು. ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದು ಇಬ್ನ್ ಬತೂತ ಬರೆದಿದ್ದಾನೆ. ಬೇರೆಲ್ಲಿಯೂ ಇಂಥದನ್ನು ಕಾಣಲಿಲ್ಲವೆಂದು ಆತ ಬೆರಗಾಗಿದ್ದಾನೆ. ಅಂದಿನ ಪಟ್ಟಣದ ಕುರುಹುಗಳಾವುವೂ ಇಂದು ಕಣ್ಣಿಗೆ ಬೀಳುವುದಿಲ್ಲ. ಸಮಯವಿದ್ದವರು ಕುಮಟಾ ದಾಟಿ ಅಘನಾಶಿನಿಯ ಸಮೀಪದ ಮಿರ್ಜಾನ್ ಕೋಟೆಗೂ ಹೋಗಿಬರಬಹುದು. ಜಂಬಿಟ್ಟಿಗೆಯ ಈ ವಿಶಾಲ ಕೋಟೆಯನ್ನು ಕಟ್ಟಿಸಿದವಳು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಎಂಬುದು ಪ್ರಚಲಿತ ಅಭಿಪ್ರಾಯ.

ಎರಡನೆಯ ದಿನ: ಗೇರುಸೊಪ್ಪೆ

ಇಡೀ ಪ್ರವಾಸದ ತಿರುಳು ಇರುವುದು ಇಲ್ಲಿ. ಹೊನ್ನಾವರದಿಂದ ಶರಾವತಿಯ ದಂಡೆಯಲ್ಲೇ ಸಾಗುವ ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಸುಮಾರು 30 ಕಿ.ಮೀ. ಕ್ರಮಿಸಿದರೆ ಗೇರುಸೊಪ್ಪೆ. ಇಂದು ಈ ಹೆಸರು ಕೇಳಿದೊಡನೆ ಅಣೆಕಟ್ಟು ನೆನಪಾಗುತ್ತದೆ. ಆದರೆ ಹೊಳೆಯಾಚೆಯ ಕಾಡಿನೊಳಗೆ, ನಗರಬಸ್ತಿಕೇರಿ ಎಂಬಲ್ಲಿ, ಹಿಂದಿನ ರಾಜಧಾನಿಯ ಅವಶೇಷಗಳಿವೆ. 16ನೇ ಶತಮಾನದ ಮಧ್ಯಭಾಗದಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಚೆನ್ನಭೈರಾದೇವಿಯ ನಾಡಿನಲ್ಲಿ ಕಾಳುಮೆಣಸು ಎಷ್ಟು ಹೇರಳವಾಗಿತ್ತೆಂದರೆ, ಪೋರ್ಚುಗೀಸರು ಗೇರುಸೊಪ್ಪೆಯ ರಾಣಿಯನ್ನು ಮೆಣಸಿನ ರಾಣಿ ಎಂದೇ ಕರೆದರು.

ಇಲ್ಲಿನ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ದಿಕ್ಕಿಗೂ ಮುಖಮಾಡಿದ ತೀರ್ಥಂಕರ ಮೂರ್ತಿಗಳು. ಸುತ್ತಲಿನ ಕಾಡಿನಲ್ಲಿ ಇನ್ನೂ ಕೆಲವು ಬಸದಿಗಳು, ಶಾಸನಕಲ್ಲುಗಳು ಇವೆ. ಪುರಾತತ್ವ ಇಲಾಖೆಯ ನೀಲಿ ಫಲಕ ಸ್ಮಾರಕಕ್ಕೆ ಹಾನಿಮಾಡಿದವರಿಗೆ ಆಗುವ ಶಿಕ್ಷೆಯನ್ನು ತಿಳಿಸುತ್ತದೆ; ಸ್ಮಾರಕ ಯಾರದು, ಏಕೆ ಇಲ್ಲಿದೆ ಎಂಬುದನ್ನು ಹೇಳುವ ಹೊಣೆಯನ್ನು ಪ್ರವಾಸಿಗರಿಗೇ ಬಿಟ್ಟಿದೆ. ಈ ದಾರಿಯ ಬಹುತೇಕ ಎಲ್ಲ ಸ್ಥಳಗಳಿಗೂ ಈ ಮಾತು ಅನ್ವಯಿಸುತ್ತದೆ. ನಗರಬಸ್ತಿಕೇರಿಗೆ ಹೋಗುವ ಮುನ್ನ ಗೇರುಸೊಪ್ಪೆಯಲ್ಲಿ ದಾರಿಯ ಸ್ಥಿತಿಯನ್ನು ವಿಚಾರಿಸಿಕೊಳ್ಳಬೇಕು. ಕುಡಿಯುವ ನೀರು, ಉಪಾಹಾರ ಜೊತೆಗಿರಲಿ, ಕತ್ತಲಾಗುವ ಮುನ್ನ ಹಿಂದಿರುಗಬೇಕು.

ಡೆಲ್ಲಾ ವಲ್ಲೆ ಇಲ್ಲಿಗೆ ಬರುವಷ್ಟರಲ್ಲಿ ರಾಣಿಯ ಕಾಲ ಮುಗಿದು ಎರಡು ದಶಕಗಳೂ ಆಗಿರಲಿಲ್ಲ. ಆದರೂ ಪ್ರಸಿದ್ಧ ನಗರವಿದ್ದಲ್ಲಿ ಆತ ಕಂಡದ್ದು ಕಾಡು ಮತ್ತು ಕೆಲವು ಗುಡಿಸಲುಗಳನ್ನು. ಇಕ್ಕೇರಿಯ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ಗೆದ್ದುಕೊಂಡಿದ್ದನು. ಸೆರೆಸಿಕ್ಕ ಚೆನ್ನಭೈರಾದೇವಿ ಇಕ್ಕೇರಿಯಲ್ಲಿಯೇ ಕೊನೆಯುಸಿರೆಳೆದಳೆಂದು ಹೇಳಲಾಗುತ್ತದೆ. ಮೆಣಸಿನ ವ್ಯಾಪಾರವಂತೂ ನಿಲ್ಲಲಿಲ್ಲ, ಒಡೆಯರು ಬದಲಾದರು ಅಷ್ಟೆ. ಡೆಲ್ಲಾ ವಲ್ಲೆ ಯಾರ ಜೊತೆಯಲ್ಲಿ ಘಟ್ಟ ಹತ್ತಿದನೋ ಆ ಪೋರ್ಚುಗೀಸ್ ರಾಯಭಾರಿ ಹೊರಟಿದ್ದು ಇದೇ ವೆಂಕಟಪ್ಪನ ದರ್ಬಾರಿಗೆ.

ಮಧ್ಯಾಹ್ನದ ನಂತರ ಅದೇ ಹೆದ್ದಾರಿಯಲ್ಲಿ ಘಟ್ಟ ಹತ್ತಿ, ಜೋಗದಲ್ಲಿ ಇಳಿದು, ರಾತ್ರಿ ಸಾಗರದಲ್ಲಿ ತಂಗಬಹುದು. ಜೋಗದ ಬಗ್ಗೆ ಇಲ್ಲಿ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಘಟ್ಟ ಹತ್ತುವಾಗ ಡೆಲ್ಲಾ ವಲ್ಲೆ ಕಂಡ ಒಂದು ದೃಶ್ಯವನ್ನು ಮಾತ್ರ ನೆನೆಯಬಹುದು: ಹನುಮಂತನ ಗುಡಿಯ ಜಗಲಿಯಲ್ಲಿ ಕುಳಿತ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ನಮ್ಮ ಅಜ್ಜಂದಿರು ಕಲಿತ ಮಗ್ಗಿಯೂ ಹೀಗೆಯೇ ಇತ್ತಲ್ಲವೇ?

ಮೂರನೆಯ ದಿನ: ಇಕ್ಕೇರಿ, ಕೆಳದಿ

ಸಾಗರದಿಂದ ಕೆಲವೇ ಕಿ.ಮೀ. ದೂರದ ಇಕ್ಕೇರಿಯಲ್ಲಿ ಈಗ ಉಳಿದಿರುವುದು ಅಘೋರೇಶ್ವರ ದೇವಾಲಯವೊಂದೇ. ಊರಿನ ಮೊದಲ ಸುತ್ತುಗೋಡೆ ಕಲ್ಲಿನದಾಗಿರದೆ ಒತ್ತಾಗಿ ಬೆಳೆಸಿದ ಎತ್ತರದ ಬಿದಿರಿನದಾಗಿತ್ತೆಂದು ಡೆಲ್ಲಾ ವಲ್ಲೆ ವರ್ಣಿಸಿದ್ದಾನೆ. ಅರಮನೆ, ಕೋಟೆ ಎಲ್ಲಿದ್ದವೆಂದು ಹುಡುಕುವವರಿಗೆ ಇದರಿಂದ ಸ್ವಲ್ಪ ಸಮಾಧಾನವಾದೀತು. ಕಣಶಿಲೆಯ ಈ ದೇವಾಲಯದಲ್ಲಿ ಹೊಯ್ಸಳ ಮತ್ತು ವಿಜಯನಗರ ಶೈಲಿಗಳ ಬೆರಕೆಯನ್ನು ಗುರುತಿಸಬಹುದು. ಗರ್ಭಗೃಹದ ಮುಕ್ಕಾಲು ಭಾಗವನ್ನು ದೇವರ ಬೃಹತ್ ಪೀಠವೇ ಆಕ್ರಮಿಸಿದೆ. ಅವಸರದಲ್ಲಿ ದರ್ಶನ ಮುಗಿಸುವವರು ಗಮನಿಸದೇ ಹೋಗುವುದು ನೆಲದ ಮೇಲಿನ ಮೂರು ಉಬ್ಬುಚಿತ್ರಗಳನ್ನು. ಅವು ದೇವರಿಗೆ ಅಡ್ಡಬಿದ್ದಿರುವ ಮೂವರು ಕೆಳದಿ ಅರಸರ ಚಿತ್ರಗಳು. ಮೇಲೆ ಹೆಸರುಗಳೂ ಇವೆ. ಅವರಲ್ಲೊಬ್ಬನ ಕೈಕಾಲುಗಳಿಗೆ ಸಂಕೋಲೆಯಿದೆ. ಹುಚ್ಚ ಸೋಮಶೇಖರನೆಂದು ಆತನನ್ನು ಗುರುತಿಸಲಾಗಿದೆ.

ಸಾಗರದ ಇನ್ನೊಂದು ದಿಕ್ಕಿನಲ್ಲಿರುವ ಕೆಳದಿ ಈ ಅರಸರ ಮೊದಲ ನೆಲೆ. ರಾಮೇಶ್ವರ ಮತ್ತು ವೀರಭದ್ರ ಗುಡಿಗಳ ಸಮುಚ್ಚಯದಲ್ಲಿ ಚಾವಣಿಯ ಗಂಡಭೇರುಂಡವನ್ನು ಕತ್ತೆತ್ತಿ ನೋಡಬೇಕು. ಊರಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳೂ ಕೆಳದಿ ಕಾಲದ ದಾಖಲೆಗಳೂ ಇವೆ. ತೆರೆದಿರುವ ದಿನವನ್ನು ಮೊದಲೇ ವಿಚಾರಿಸುವುದು ಒಳ್ಳೆಯದು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ನೀಡಿ ಔರಂಗಜೇಬನ ಸೈನ್ಯವನ್ನು ಎದುರಿಸಿದ ರಾಣಿ ಚೆನ್ನಮ್ಮಾಜಿ ಇದೇ ವಂಶದವಳು. ಆದರೆ ಅವಳ ಕಾಲಕ್ಕೆ ರಾಜಧಾನಿ ಬಿದನೂರಿಗೆ, ಇಂದಿನ ನಗರಕ್ಕೆ, ಸ್ಥಳಾಂತರಗೊಂಡಿತ್ತು. ಸಾಗರದ ಪೇಟೆಯಲ್ಲಿ ಗುಡಿಗಾರರ ಗಂಧದ ಕೆತ್ತನೆಯನ್ನೂ, ಕಬ್ಬಿನ ಹಾಲಿನಿಂದ ಮಾಡುವ ಕಾಗದದಷ್ಟು ತೆಳುವಾದ ತೊಡೆದೇವನ್ನೂ ಕೊಳ್ಳಬಹುದು.

ನಾಲ್ಕನೆಯ ದಿನ: ಹಿನ್ನೀರು ದಾಟಿ ಬಸ್ರೂರಿಗೆ

ಸಾಗರದಿಂದ ಕೊಲ್ಲೂರಿನತ್ತ ಹೊರಟವರು ಕೆಲವು ವರ್ಷಗಳ ಹಿಂದಿನವರೆಗೂ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಸಾಲುಗಟ್ಟಿ ಕಾಯಬೇಕಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಂಡ ಬಳಿಕ ಈ ಹಾದಿ ಸುಗಮವಾಗಿದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದಾಗಿ 1960ರ ದಶಕದಲ್ಲಿ ದ್ವೀಪದಂತಾಗಿದ್ದ ತುಮರಿ ಭಾಗದ ಜನರು ಈ ಸೇತುವೆಗಾಗಿ ದಶಕಗಳ ಕಾಲ ಹೋರಾಡಿದ್ದರು. ಸೇತುವೆಯ ಮೇಲೆ ಛಾಯಾಚಿತ್ರ ತೆಗೆಯುವ ಪ್ರವಾಸಿಗರು, ಕೆಳಗೆ ಹಲವು ಊರುಗಳು ಮುಳುಗಿವೆ ಎಂಬುದನ್ನು ತಿಳಿದಿದ್ದರೆ ಒಳ್ಳೆಯದು.

ತುಮರಿ ಮಾರ್ಗವಾಗಿ ಕೊಲ್ಲೂರನ್ನು ತಲುಪಿ, ಮೂಕಾಂಬಿಕೆಯ ದರ್ಶನ ಮುಗಿಸಿ, ಕುಂದಾಪುರಕ್ಕೆ ಇಳಿಯಬೇಕು. ಅಲ್ಲಿಂದ ಸುಮಾರು 7 ಕಿ.ಮೀ. ದೂರದಲ್ಲಿ, ವಾರಾಹಿ ನದಿಯ ದಂಡೆಯಲ್ಲಿ ಬಸ್ರೂರು ಇದೆ. ಮೆಣಸಿನ ಜೊತೆಗೆ ಅಕ್ಕಿಯ ಕತೆ ಇಲ್ಲಿ ಸೇರಿಕೊಳ್ಳುತ್ತದೆ. ಗೋವೆಯ ಪೋರ್ಚುಗೀಸರು ಊಟಕ್ಕೆ ಕೆನರಾದ ಅಕ್ಕಿಯನ್ನೇ ನೆಚ್ಚಿಕೊಂಡಿದ್ದರು. ಹೀಗಾಗಿಯೇ ಬಸ್ರೂರಿನ ಮೇಲಿನ ಹಿಡಿತಕ್ಕಾಗಿ ಕೋಟೆ ಕಟ್ಟಿದರು, ಕಾದಾಡಿದರು. 1650ರ ದಶಕದ ಮೊದಲರ್ಧದಲ್ಲಿ ಶಿವಪ್ಪ ನಾಯಕನು ಅವರ ಕೈಯಿಂದ ಕರಾವಳಿಯ ಕೋಟೆಗಳನ್ನು ಕಸಿದುಕೊಂಡನು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಸಮುದ್ರಮಾರ್ಗವಾಗಿ ಬಂದು ಬಸ್ರೂರನ್ನು ಸೂರೆಗೈದಿತು. ಹಿಂದಿರುಗುವಾಗ ಶಿವಾಜಿ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿದನು. ಇಷ್ಟೆಲ್ಲ ನಡೆದ ಊರು ಇಂದು ತೆಂಗಿನ ತೋಟಗಳ ನಡುವೆ ಶಾಂತವಾಗಿದೆ. ಮಹಾಲಿಂಗೇಶ್ವರ ದೇವಾಲಯವನ್ನೂ ಅಲ್ಲಿನ ಶಾಸನಗಳನ್ನೂ ನೋಡಿ, ಹೊಳೆಯ ದಂಡೆಯವರೆಗೆ ನಡೆದುಹೋಗದಿದ್ದರೆ ಈ ಭೇಟಿ ಅಪೂರ್ಣ. ವಾಸ್ತವ್ಯಕ್ಕೆ ಕುಂದಾಪುರ ಅನುಕೂಲಕರ.

ಐದನೆಯ ದಿನ: ಬಾರ್ಕೂರು, ಮೂಡುಬಿದಿರೆ, ಉಳ್ಳಾಲ

ಬಾರ್ಕೂರಿಗೆ ರೈಲು ನಿಲ್ದಾಣವಿದೆ. ಬ್ರಹ್ಮಾವರದಿಂದ ಬಸ್ಸುಗಳೂ ಇವೆ. ಆಳುಪರ ರಾಜಧಾನಿಯಾಗಿ, ಅನಂತರ ವಿಜಯನಗರದ ಪ್ರಾಂತೀಯ ಕೇಂದ್ರವಾಗಿ ಮೆರೆದ ಊರಿದು. ಇಲ್ಲಿನ ಅರಸನ ಬಳಿ 30 ಯುದ್ಧನೌಕೆಗಳಿದ್ದವು, ಇಲ್ಲಿನಂಥ ಕಬ್ಬು ಈ ನಾಡಿನ ಬೇರೆಲ್ಲೂ ಇಲ್ಲ ಎನ್ನುತ್ತಾನೆ ಇಬ್ನ್ ಬತೂತ. ಸೀತಾನದಿಯ ಈ ತೀರದಲ್ಲಿ ಯುದ್ಧನೌಕೆಗಳನ್ನು ಕಲ್ಪಿಸಿಕೊಳ್ಳುವುದು ಈಗ ಕಷ್ಟ. ಕಬ್ಬಿನ ಮಾತೂ ಅಷ್ಟೇ: ಸಮೀಪದ ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಮುಚ್ಚಿ ವರ್ಷಗಳೇ ಸಂದಿವೆ.

ಬಾರ್ಕೂರನ್ನು ನಡೆದೇ ನೋಡಬೇಕು. ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ ಎಂದು ಕೇರಿಗಳ ಲೆಕ್ಕದಲ್ಲಿಯೇ ಊರು ಹರಡಿದೆ. ವರ್ಷದ ದಿನಕ್ಕೊಂದರಂತೆ 365 ದೇವಾಲಯಗಳಿದ್ದವೆಂಬ ಪ್ರತೀತಿ ಉತ್ಪ್ರೇಕ್ಷೆಯೇ ಇರಬಹುದು. ಆದರೆ ಹೆಜ್ಜೆಗೊಂದು ಗುಡಿ ಎದುರಾಗುವುದು ಸುಳ್ಳಲ್ಲ. ಗಜಪೃಷ್ಠಾಕಾರದ ಪಂಚಲಿಂಗೇಶ್ವರ ದೇವಾಲಯ, ಕಲ್ಲಿನ ಇಳಿಜಾರು ಮಾಡಿನ ಕತ್ತಲೆ ಬಸದಿ ಇವೆರಡನ್ನು ತಪ್ಪಿಸಬಾರದು. ಶಾಸನಕಲ್ಲುಗಳು ಗುಡಿಯ ಅಂಗಳದಲ್ಲೂ ಮನೆಗಳ ಹಿತ್ತಿಲಲ್ಲೂ ಇರುವ ಊರಿದು. ಹಿತ್ತಿಲಿಗೆ ಕಾಲಿಡುವ ಮುನ್ನ ಮನೆಯವರ ಅನುಮತಿ ಕೇಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಅಲ್ಲಿಂದ ಉಡುಪಿ, ಕಾರ್ಕಳದ ಮೂಲಕ ಮೂಡುಬಿದಿರೆ. ಕಾರ್ಕಳದಲ್ಲಿ 1432ರ ಗೊಮ್ಮಟನನ್ನು ನೋಡಿ ಮುಂದುವರಿಯಬಹುದು. 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕಂಬಗಳನ್ನು ಎಣಿಸುವ ಬದಲು ಮಂಟಪದ ಅಧಿಷ್ಠಾನದ ಸಾಲುಗಳತ್ತ ಬಗ್ಗಿ ನೋಡುವುದು ಲೇಸು. ಅಲ್ಲಿ ಆಫ್ರಿಕಾದ ಜಿರಾಫೆಯೂ ಚೀನೀ ಡ್ರ್ಯಾಗನ್ನೂ ಇವೆ. ಸಮುದ್ರದಿಂದ ದೂರವಿರುವ ಊರಿನ ಶಿಲ್ಪಿಗೆ ಇವುಗಳ ಪರಿಚಯ ಹೇಗಾಯಿತೆಂಬುದಕ್ಕೆ ಹಿಂದಿನ ನಾಲ್ಕು ದಿನಗಳ ಬಂದರುಗಳೇ ಉತ್ತರ. ಇದೇ ಊರಿನ ಚೌಟರ ಅರಮನೆಯಲ್ಲಿ ಮರದ ಕೆತ್ತನೆಯ ಕಂಬಗಳಿವೆ. ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ವಂಶದವಳು.

ಸಂಜೆ ಮಂಗಳೂರು ದಾಟಿ, ನೇತ್ರಾವತಿಯ ಸೇತುವೆಯ ಆಚೆಗಿನ ಉಳ್ಳಾಲಕ್ಕೆ ಹೋಗಬೇಕು. ಸೋಮನಾಥ ದೇವಾಲಯ, ಸೈಯದ್ ಮದನಿ ದರ್ಗಾ, ಅಬ್ಬಕ್ಕನ ಪ್ರತಿಮೆ ಇಲ್ಲಿವೆ. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಎಂಬುದು ಇತಿಹಾಸಕಾರರ ಅಭಿಪ್ರಾಯ. 1623ರ ಡಿಸೆಂಬರಿನಲ್ಲಿ ಡೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ಒಳನಾಡಿನ ಮಣೇಲಿನಲ್ಲಿ ಭೇಟಿಯಾದನು. ಪ್ರತಿಮೆಯ ಕುದುರೆ, ಖಡ್ಗ ಆತನ ಬರಹದಲ್ಲಿಲ್ಲ. ಬರಿಗಾಲಿನ, ಸಾದಾ ಉಡುಪಿನ ರಾಣಿ ಬಯಲಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು. ಮೊದಲು ಆಕೆಯ ರೂಪವನ್ನು ಹಗುರವಾಗಿ ಕಂಡ ಪ್ರವಾಸಿ, ಮಾತನಾಡಿದ ಮೇಲೆ ಆಕೆಯ ವಿವೇಕವನ್ನು ಮೆಚ್ಚಿ ಬರೆದನು.

ಹೊರಡುವವರಿಗೆ

ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಪ್ರಶಸ್ತ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿಯುವ ಭಯವಿದೆ. ಹೆದ್ದಾರಿಯುದ್ದಕ್ಕೂ ಬಸ್ಸು, ರೈಲುಗಳ ಸೌಕರ್ಯವಿದ್ದರೂ ನಗರಬಸ್ತಿಕೇರಿ ಮತ್ತು ಇಕ್ಕೇರಿ–ಕೆಳದಿಗೆ ಆಟೋ ಅಥವಾ ಬಾಡಿಗೆ ಕಾರು ಮಾಡಿಕೊಂಡರೆ ಸಮಯ ಉಳಿಯುತ್ತದೆ. ಕರಾವಳಿಯ ಹಲವು ದೇವಾಲಯಗಳಲ್ಲಿ ಗಂಡಸರು ಅಂಗಿ ಕಳಚಿ ಒಳಹೋಗುವ ಪದ್ಧತಿಯಿದೆ. ಚಿಕ್ಕ ಗುಡಿಗಳು ಮಧ್ಯಾಹ್ನ ಮುಚ್ಚಿರುತ್ತವೆ. ಬಸದಿಗೆ ಬೀಗವಿದ್ದರೆ ಹಿಂದಿರುಗುವ ಅಗತ್ಯವಿಲ್ಲ. ಪಕ್ಕದ ಮನೆಯಲ್ಲಿ ವಿಚಾರಿಸಿದರೆ ಕೀಲಿಕೈ ಯಾರ ಬಳಿ ಇದೆಯೆಂದು ಸಾಮಾನ್ಯವಾಗಿ ತಿಳಿಯುತ್ತದೆ.