ಬೆಂಕಿಯ ಕಲ್ಲು, ನೀರಿನ ಕಲ್ಲು: ಒಂದು ಹಳೆಯ ವಾದದ ಹಾದಿ

ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿದ್ದು ಕಪ್ಪು-ಬೂದು ಬಣ್ಣದ ಬಸಾಲ್ಟ್‌ನಿಂದ. ಬಾದಾಮಿಯ ಗುಹೆಗಳನ್ನು ಕೊರೆದದ್ದು ಕೆಂಪು ಮರಳುಗಲ್ಲಿನಲ್ಲಿ. ಅಕ್ಕಪಕ್ಕದ ಜಿಲ್ಲೆಗಳ ಈ ಎರಡು ಕಲ್ಲುಗಳಲ್ಲಿ ಮರಳುಗಲ್ಲು ತನ್ನ ಹುಟ್ಟನ್ನು ಮುಚ್ಚಿಡುವುದಿಲ್ಲ. ಭೂತಗನ್ನಡಿ ಹಿಡಿದರೆ ಉರುಳಿ ಸವೆದ ಮರಳಿನ ಕಣಗಳು, ಅವನ್ನು ಹಿಡಿದಿಟ್ಟಿರುವ ಸಿಲಿಕಾದ ಅಂಟು ಕಾಣುತ್ತವೆ. ಬಸಾಲ್ಟ್ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಅದರ ಹರಳುಗಳು ಭೂತಗನ್ನಡಿಗೂ ಸರಿಯಾಗಿ ಸಿಗದಷ್ಟು ಸಣ್ಣವು. ಭೂವಿಜ್ಞಾನದ ಮೊದಲ ದೊಡ್ಡ ಜಗಳ ಹುಟ್ಟಿದ್ದು ಈ ಕಲ್ಲಿನಿಂದಲೇ.

1775ರಿಂದ ಫ್ರೈಬರ್ಗ್‌ನ ಗಣಿ ಅಕಾಡೆಮಿಯಲ್ಲಿ ಪಾಠ ಹೇಳುತ್ತಿದ್ದ ಅಬ್ರಹಾಂ ವೆರ್ನರ್ ಬಸಾಲ್ಟ್ ಕೂಡ ಆದಿಸಾಗರದ ನೀರಿನಿಂದ ಇಳಿದು ನೆಲೆಗೊಂಡ ಶಿಲೆ ಎಂದರು. ಅವರ ಸಾಕ್ಷ್ಯ ಸ್ಯಾಕ್ಸನಿಯ ಶೈಬೆನ್‌ಬರ್ಗ್ ಗುಡ್ಡ. ಅಲ್ಲಿ ಮರಳು, ಅದರ ಮೇಲೆ ಜೇಡಿ, ಎಲ್ಲಕ್ಕೂ ಮೇಲೆ ಬಸಾಲ್ಟ್. ಒಂದು ಪದರ ಮೆಲ್ಲಗೆ ಇನ್ನೊಂದಾಗುವಂತೆ ತೋರುತ್ತದೆ. ಕಣ್ಣಿಗೆ ಕಂಡದ್ದನ್ನೇ ಅವರು ಹೇಳಿದರು. ತಪ್ಪಿದ್ದು ಅದನ್ನು ಒಂದೇ ಗುಡ್ಡದಿಂದ ಇಡೀ ಭೂಮಿಗೆ ಹಿಗ್ಗಿಸಿದ್ದರಲ್ಲಿ. ಅದಕ್ಕೂ ಮೊದಲೇ, 1763ರಲ್ಲಿ, ಫ್ರಾನ್ಸಿನ ನಿಕೊಲಾ ದೆಮರೆ ಓವೆರ್ನ್ ಪ್ರಾಂತ್ಯದ ಬಸಾಲ್ಟ್ ಕಂಬಗಳ ಜಾಡು ಹಿಡಿದು ಆರಿದ ಜ್ವಾಲಾಮುಖಿಗಳತ್ತ ನಡೆದಿದ್ದರು. ಮುಂದೆ ವೆರ್ನರ್ ಶಿಷ್ಯರೇ ಆದ ಲಿಯೊಪೋಲ್ಡ್ ಫಾನ್ ಬುಖ್ ಅದೇ ನೆಲ ನೋಡಿ ಗುರುವಿನ ಮಾತಿನಿಂದ ದೂರ ಸರಿದರು.

ಇಂಥ ಶಿಲೆಗಳು ಕಾದ ಶಿಲಾರಸದಿಂದ ಬಂದವು ಎಂದ ಜೇಮ್ಸ್ ಹಟನ್ ಹಿಡಿದ ದಾರಿಯೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕಲ್ಲಿನ ಚೂರನ್ನು ಕೈಯಲ್ಲಿ ತಿರುಗಿಸುತ್ತ ಕೂರದೆ ಅವರು ಎರಡು ಶಿಲೆಗಳು ಕೂಡುವ ಗಡಿಯನ್ನು ಹುಡುಕಿಕೊಂಡು ಹೋದರು. 1785ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಹೊಳೆಯ ಪಾತ್ರದಲ್ಲಿ ಕೆಂಪು ಗ್ರಾನೈಟಿನ ಎಳೆಗಳು ಕಪ್ಪು ಶಿಸ್ಟಿನೊಳಗೆ ನುಗ್ಗಿದ್ದನ್ನು ಕಂಡರು. ನುಗ್ಗಬೇಕಾದರೆ ಗ್ರಾನೈಟ್ ದ್ರವವಾಗಿರಬೇಕು, ಶಿಸ್ಟಿಗಿಂತ ಕಿರಿಯದೂ ಆಗಿರಬೇಕು. ಎಡಿನ್‌ಬರೊದ ಸಾಲ್ಸ್‌ಬರಿ ಕ್ರಾಗ್ಸ್‌ನಲ್ಲಿಯೂ ಕರಿಯ ಅಗ್ನಿಶಿಲೆ ತನ್ನ ಕೆಳಗಿನ ಪದರಶಿಲೆಯನ್ನು ಮುರಿದು ಎತ್ತಿದ ಗುರುತು ಇವತ್ತಿಗೂ ಇದೆ.

ವಿರೋಧಿಗಳು ಸುಮ್ಮನಿರಲಿಲ್ಲ. ಐರ್ಲೆಂಡಿನ ಪೋರ್ಟ್‌ರಶ್‌ನ 'ಬಸಾಲ್ಟ್'ನಲ್ಲಿ ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಗಳು ಸಿಕ್ಕಿವೆ, ಹಾಗಾದರೆ ಅದು ಕಾದ ಶಿಲಾರಸ ಹೇಗಾದೀತು ಎಂದು ಕೇಳಿದರು. ಪ್ರಶ್ನೆ ಗಟ್ಟಿಯಾಗಿಯೇ ಇತ್ತು. ಉತ್ತರ ಸಿಕ್ಕಿದ್ದು ಮತ್ತೆ ಗಡಿಯಲ್ಲಿಯೇ. ಅಮೊನೈಟ್ ಇದ್ದದ್ದು ಜೇಡಿಶಿಲೆಯಲ್ಲಿ. ಪಕ್ಕದಲ್ಲಿ ನುಗ್ಗಿದ ಶಿಲಾರಸದ ಕಾವಿಗೆ ಅದು ಬೆಂದು, ಕಪ್ಪಗೆ ಗಟ್ಟಿಯಾಗಿ, ಬಸಾಲ್ಟಿನ ವೇಷ ತೊಟ್ಟಿತ್ತು. ಇನ್ನೊಂದು ಆಕ್ಷೇಪ, ಕರಗಿದ ಕಲ್ಲು ಆರಿದರೆ ಗಾಜಾಗುತ್ತದಲ್ಲ, ಹರಳು ಎಲ್ಲಿಂದ ಬಂತು ಎಂಬುದು. ಜೇಮ್ಸ್ ಹಾಲ್ ಕರಿಕಲ್ಲನ್ನು ಕುಲುಮೆಯಲ್ಲಿ ಕರಗಿಸಿ ನೋಡಿದರು. ಬೇಗ ಆರಿಸಿದರೆ ಗಾಜು, ನಿಧಾನಕ್ಕೆ ಆರಿಸಿದರೆ ಹರಳುಗಟ್ಟಿದ ಕಲ್ಲು. 1798ರಲ್ಲಿ ಇದನ್ನು ವಿದ್ವಾಂಸರ ಮುಂದಿಟ್ಟರು.

ಹೆನ್ರಿ ಸಾರ್ಬಿ 19ನೆಯ ಶತಮಾನದ ನಡುವಿನಲ್ಲಿ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟ ಮೇಲೆ ಬಸಾಲ್ಟ್ ಕೊನೆಗೂ ಬಾಯಿ ಬಿಟ್ಟಿತು. ಈಗ ರೂಢಿಯಲ್ಲಿರುವ ತೆಳುಬಿಲ್ಲೆಯ ದಪ್ಪ 0.03 ಮಿಲಿಮೀಟರ್. ಅದರಲ್ಲಿ ಫೆಲ್ಡ್‌ಸ್ಪಾರ್ ಕಡ್ಡಿಗಳು, ಅವುಗಳ ಸಂದಿಯಲ್ಲಿ ಬೆಳೆದ ಪೈರಾಕ್ಸೀನ್, ಒಂದರೊಳಗೊಂದು ಹೆಣೆದುಕೊಂಡಿರುವುದು ಸ್ಪಷ್ಟ. ಮುಂದೆ ನಾರ್ಮನ್ ಬೊವೆನ್ 1928ರ ತಮ್ಮ ಗ್ರಂಥದಲ್ಲಿ ಶಿಲಾರಸ ಆರುವಾಗ ಖನಿಜಗಳು ಯಾವ ಕ್ರಮದಲ್ಲಿ ಹರಳುಗಟ್ಟುತ್ತವೆ ಎಂಬುದನ್ನು ವಿವರಿಸಿದರು.

ಇಷ್ಟಾದರೂ ಅದೇ ವಾದ ಮೈಸೂರು ಸಂಸ್ಥಾನದಲ್ಲಿ ಮತ್ತೆ ಎದ್ದಿತು. ಇದು ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕಾದ ಸಂಗತಿ. ಚಿನ್ನ ಹೊತ್ತ ಶಿಸ್ಟ್ ಪಟ್ಟಿಗಳಿಗೆ 1880ರ ದಶಕದಲ್ಲಿ ಧಾರವಾಡದ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್ ಅವುಗಳಲ್ಲಿ ನೀರಿನಲ್ಲಿ ಕೂತ ಪದರಗಳನ್ನು ಗುರುತಿಸಿದ್ದರು. 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಯ ಹೊಣೆಯನ್ನು ಫೂಟ್ ನಂತರ ಹೊತ್ತ ಡಬ್ಲ್ಯು. ಎಫ್. ಸ್ಮೀತ್ ಅದನ್ನು ಒಪ್ಪಲಿಲ್ಲ. ಧಾರವಾಡ ಶಿಲೆಗಳ ಮೂಲ ಅಗ್ನಿಯೇ. ಉರುಟು ಕಲ್ಲುಗಳು ಹುದುಗಿದ ಕಾಂಗ್ಲೊಮರೇಟ್ ಕೂಡ ಇದ್ದಲ್ಲೇ ಜಜ್ಜಿ ಒಡೆದು ಆದದ್ದು ಎಂದರು. ಕೋಟ್ಯಂತರ ವರ್ಷಗಳ ಒತ್ತಡ, ಕಾವಿಗೆ ಮೂಲ ರೂಪ ಕೆಟ್ಟ ಶಿಲೆಗಳಲ್ಲಿ ಹಾಗನ್ನಿಸುವುದು ಸಹಜ. ಆದರೆ ಕ್ಷೇತ್ರಕಾರ್ಯ ಮುಂದುವರಿದಂತೆ ಕ್ವಾರ್ಟ್ಜೈಟ್‌ಗಳ ಮೈಮೇಲೆ ಅಲೆಯ ಗೆರೆಗಳು, ಓರೆ ಪದರಗಳು ಸಿಕ್ಕವು. ಇಂಥ ಗೆರೆಗಳನ್ನು ಶಿಲಾರಸ ಮೂಡಿಸಲಾರದು. ಬಿ. ರಾಮರಾವ್ ಅವರ ಬರಹಗಳು ಪದರಶಿಲೆಗಳಿಗೆ ಅವುಗಳ ಸ್ಥಾನವನ್ನು ಮರಳಿ ಕೊಟ್ಟವು. ಸ್ಮೀತ್ ಪೂರ್ತಿ ತಪ್ಪಿರಲಿಲ್ಲ. ಈ ಪಟ್ಟಿಗಳಲ್ಲಿ ಲಾವಾ ಧಾರಾಳವಾಗಿದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ, ನೀರಿನೊಳಗೇ ಉಕ್ಕಿ ಗಟ್ಟಿಯಾದದ್ದು.

ವಾದದ ಇತ್ತೀಚಿನ ತಿರುವು ಗ್ರಾನೈಟಿನದು. 1974ರಲ್ಲಿ ಆಸ್ಟ್ರೇಲಿಯದ ಬ್ರೂಸ್ ಚಾಪೆಲ್, ಅಲನ್ ವೈಟ್ ಇಬ್ಬರೂ ಗ್ರಾನೈಟುಗಳನ್ನು ಅವು ಕರಗಿ ಬಂದ ಮೂಲದ ಮೇಲೆ ವಿಂಗಡಿಸಿದರು. ಅಗ್ನಿಶಿಲೆ ಕರಗಿ ಆದದ್ದು ಐ ವರ್ಗ, ಪದರಶಿಲೆ ಕರಗಿ ಆದದ್ದು ಎಸ್ ವರ್ಗ. ಕಲ್ಲು ಸವೆದು ಜೇಡಿಯಾಗುವಾಗ ಸೋಡಿಯಂ, ಕ್ಯಾಲ್ಸಿಯಂ ನೀರಿನಲ್ಲಿ ಕೊಚ್ಚಿಹೋಗಿ ಅಲ್ಯುಮಿನಿಯಂ ಉಳಿಯುತ್ತದೆ. ಆ ಜೇಡಿ ಭೂಗರ್ಭದಲ್ಲಿ ಕರಗಿ ಗ್ರಾನೈಟಾದರೂ ಅಲ್ಯುಮಿನಿಯಂನ ಹೆಚ್ಚಳ ಹಾಗೇ ನಿಂತು ಕಾರ್ಡಿಯರೈಟ್, ಬಿಳಿ ಅಭ್ರಕದಂಥ ಖನಿಜಗಳಾಗಿ ತೋರುತ್ತದೆ. ಗಡಿ ದಾಟಿದ ಉದಾಹರಣೆಗಳಿಂದ ಈ ವಿಂಗಡಣೆಯ ಮೇಲೆ ಚರ್ಚೆ ನಡೆದೇ ಇದೆ. ಆದರೂ ತವರದ ಅದಿರು ಹುಡುಕುವವರು ಎಸ್ ವರ್ಗದತ್ತ, ತಾಮ್ರ ಹುಡುಕುವವರು ಐ ವರ್ಗದತ್ತ ಮೊದಲು ನೋಡುವುದು ರೂಢಿ.