ಅಧಿಕಾರವಿಲ್ಲದ ಸಂಘ, ಬದಲಾದ ಎಂಜಿನಿಯರಿಂಗ್ ಪಾಠ

ಅಮೆರಿಕದ ಎಂಜಿನಿಯರಿಂಗ್ ಅಧ್ಯಾಪಕರು ಶಿಕ್ಷಣದ ಸುಧಾರಣೆಗೆಂದು ಸಂಘ ಕಟ್ಟಿಕೊಂಡದ್ದು 1893ರಲ್ಲಿ, ಶಿಕಾಗೊ ವಿಶ್ವಮೇಳದ ಎಂಜಿನಿಯರಿಂಗ್ ಸಮ್ಮೇಳನದಲ್ಲಿ. (ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಮೇಳದ ಅಂಗವಾಗಿ ಕೆಲ ವಾರಗಳ ನಂತರ ಸೇರಿತು.) ಡಿ ವೋಲ್ಸನ್ ವುಡ್ ಮೊದಲ ಅಧ್ಯಕ್ಷರು. 1862ರ ಮಾರಿಲ್ ಕಾಯ್ದೆಯ ನೆರವಿನಿಂದ ರಾಜ್ಯ ರಾಜ್ಯಗಳಲ್ಲಿ ಕಾಲೇಜುಗಳೇನೋ ಎದ್ದಿದ್ದವು. ಎಂಜಿನಿಯರ್ ತಯಾರಾಗಬೇಕಾದದ್ದು ವರ್ಕ್‌ಶಾಪಿನಲ್ಲೋ ತರಗತಿಯಲ್ಲೋ ಎಂಬ ವಾದ ಮಾತ್ರ ತೀರಿರಲಿಲ್ಲ.

ಸಂಘಕ್ಕೆ ಯಾವ ಕಾಲೇಜಿನ ಮೇಲೂ ಅಧಿಕಾರವಿರಲಿಲ್ಲ. ಅದರ ಒತ್ತಾಸೆಯಿಂದ, ಕಾರ್ನೆಗಿ ಪ್ರತಿಷ್ಠಾನದ ಹಣದಲ್ಲಿ ಭೌತವಿಜ್ಞಾನಿ ಚಾರ್ಲ್ಸ್ ಮ್ಯಾನ್ ಎಂಜಿನಿಯರಿಂಗ್ ಶಿಕ್ಷಣದ ಬಗ್ಗೆ ಬರೆದ ವರದಿ 1918ರಲ್ಲಿ ಬಂತು. ವರದಿ ಚುರುಕಾಗಿತ್ತು, ಆದರೆ ಅದು ಹೊರಗಿನವರೊಬ್ಬರ ತೀರ್ಪು. ಯುದ್ಧದ ಗಲಾಟೆಯೂ ಸೇರಿ, ಕಾಲೇಜುಗಳು ಅದನ್ನು ಹೆಚ್ಚು ಹಚ್ಚಿಕೊಳ್ಳಲಿಲ್ಲ.

ದಾರಿ ಬದಲಿಸಿದವರು 1920ರ ದಶಕದ ಆರಂಭದಲ್ಲಿ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಸ್ಕಾಟ್. ಎರಡು ಫೇಸಿನ ವಿದ್ಯುತ್ತನ್ನು ಮೂರು ಫೇಸಿಗೆ ಬದಲಿಸುವ ಟ್ರಾನ್ಸ್‌ಫಾರ್ಮರ್ ಜೋಡಣೆಗೆ ಇಂದಿಗೂ ಇವರದೇ ಹೆಸರು. ವೆಸ್ಟಿಂಗ್‌ಹೌಸ್‌ನಲ್ಲಿ ಹೆಸರು ಮಾಡಿ ಯೇಲ್‌ನಲ್ಲಿ ಪ್ರಾಧ್ಯಾಪಕರಾದ ಸ್ಕಾಟ್ ಕಾರ್ಖಾನೆ, ತರಗತಿ ಎರಡನ್ನೂ ಬಲ್ಲವರು. ಅವರು ಶುರುಮಾಡಿಸಿದ ದೊಡ್ಡ ತನಿಖೆಗೆ 1923ರಲ್ಲಿ ವಿಲಿಯಂ ವಿಕೆಂಡೆನ್ ನಿರ್ದೇಶಕರಾದರು. ಈ ಸಲ ಕಾಲೇಜುಗಳಲ್ಲೇ ಅಧ್ಯಾಪಕರ ಸಮಿತಿಗಳು ಕೂತು ತಮ್ಮ ಪಠ್ಯಕ್ರಮ, ವಿದ್ಯಾರ್ಥಿಗಳು, ಹಳೆಯ ಪದವೀಧರರ ಸ್ಥಿತಿಗತಿಯನ್ನು ತಾವೇ ಪರಿಶೀಲಿಸಿದವು. ಯುರೋಪಿನ ಪದ್ಧತಿಗಳನ್ನು ವಿಕೆಂಡೆನ್ ಖುದ್ದಾಗಿ ನೋಡಿ ಬಂದರು. ಸಂಘದ ಮೂರು ದಶಕಗಳ ಭಾಷಣಗಳಿಗಿಂತ ಈ ಸ್ವಪರೀಕ್ಷೆಯೇ ಹೆಚ್ಚು ಕೆಲಸ ಮಾಡಿತು ಎನ್ನಬೇಕು. ಮೊದಲಿಗೇ ಕಿರಿದಾದ ವಿಶೇಷ ಶಾಖೆಗಳಾಗಿ ಒಡೆಯದೆ ಬುನಾದಿಯನ್ನು ಅಗಲವಾಗಿಡಬೇಕೆಂಬ ನಿಲುವು ಅದರಿಂದ ಗಟ್ಟಿಯಾಯಿತು. ಪಾಠ ಹೇಳುವವರಿಗೇ ಪಾಠವಾಗಲೆಂದು 1927ರಿಂದ ಬೇಸಿಗೆ ಶಾಲೆಗಳೂ ನಡೆದವು.

1932ರಲ್ಲಿ ಸಂಘವು ಎಂಜಿನಿಯರುಗಳ ಇತರ ವೃತ್ತಿಸಂಘಗಳ ಜೊತೆ ಸೇರಿ ಒಂದು ಮಂಡಳಿ ಕಟ್ಟಿತು. ಮುಂದೆ ಸ್ಕಾಟರೇ ಅದರ ಅಧ್ಯಕ್ಷರಾದರು. ಕೋರ್ಸುಗಳನ್ನು ತಪಾಸಣೆ ಮಾಡಿ ಮಾನ್ಯತೆ ಕೊಡುವ ಕೆಲಸವನ್ನು ಅದು ಕೈಗೆತ್ತಿಕೊಂಡಿತು. ಸಂಘದ ಸಮಿತಿಯೊಂದು ಕೊಟ್ಟ 1955ರ ಗ್ರಿಂಟರ್ ವರದಿ ಕೈಕಸುಬಿನ ಪಾಠಗಳನ್ನು ಹಿಂದಕ್ಕೆ ಸರಿಸಿ ಗಣಿತ, ವಿಜ್ಞಾನಗಳನ್ನು ಮುಂದಕ್ಕೆ ತಂದಿತು. ಸಮತೋಲ ಕೆಟ್ಟದ್ದು ಅಲ್ಲೇ ಎಂದು ದೂರುವವರು ಈಗಲೂ ಇದ್ದಾರೆ.

1932ರ ಆ ಮಾನ್ಯತಾ ಮಂಡಳಿ 1980ರಲ್ಲಿ ಅಬೆಟ್ ಎಂಬ ಹೆಸರು ಪಡೆಯಿತು, 1989ರಲ್ಲಿ ದೇಶಗಳು ಪರಸ್ಪರರ ಎಂಜಿನಿಯರಿಂಗ್ ಕೋರ್ಸುಗಳ ಮಾನ್ಯತೆಯನ್ನು ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ ಸೇರಿತು. ಭಾರತ ತನ್ನ ರಾಷ್ಟ್ರೀಯ ಮಾನ್ಯತಾ ಮಂಡಳಿ (ಎನ್‌ಬಿಎ) ಮೂಲಕ ಅದೇ ಒಪ್ಪಂದದ ಪೂರ್ಣ ಸದಸ್ಯನಾದದ್ದು 2014ರಲ್ಲಿ. ಎನ್‌ಬಿಎ ಮಾನ್ಯತೆ ಬಯಸುವ ಕರ್ನಾಟಕದ ಕಾಲೇಜುಗಳು ಕೋರ್ಸು ಕೋರ್ಸಿಗೂ, ವಿದ್ಯಾರ್ಥಿ ಕಲಿತದ್ದೇನು ಎಂದು ತೋರಿಸುವ ‘ಔಟ್‌ಕಮ್’ ಕಡತ ಸಿದ್ಧಪಡಿಸುವುದು ಈ ಒಪ್ಪಂದದ ಮಾನದಂಡಗಳಿಗೆ ತಕ್ಕಂತೆಯೇ.